ಆ್ಯಪ್ ಬಿಟ್ಟು ಹಾಜರಿ ಹಿಡಿದ ಮೇಲೆ

ದಿನಗೂಲಿ ಕೆಲಸಕ್ಕಾಗಿ ಬೆಳಿಗ್ಗೆ ಬಂದು ನಿಲ್ಲುವ ಅಡ್ಡೆಯ ಕೂಲಿಕಾರರಿಗೆ ಡಿಜಿಟಲ್ ವೇದಿಕೆಯು ಕೆಲಸ ಹುಡುಕಿಕೊಡುವುದಕ್ಕಿಂತ, ಮಾಡಿದ ಕೆಲಸದ ಲೆಕ್ಕ ಇಡುವುದು ಮುಖ್ಯ ಎಂದು ನಾನು ಹೇಳಿದಾಗ ನಮ್ಮ ಕ್ಷೇತ್ರದ ಹಲವರು ಒಪ್ಪಿರಲಿಲ್ಲ. ಹುಬ್ಬಳ್ಳಿಯ ಗೌಂಡಿಗಳು, ಸೆಂಟ್ರಿಂಗ್‌ನವರು ಮತ್ತು ಹೆಲ್ಪರ್ ಹೆಣ್ಣುಮಕ್ಕಳ ನಡುವೆ ಆ ಪದ್ಧತಿ ಈಗ ಗಟ್ಟಿಯಾಗಿ ನಿಂತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ಮಾಡಿಸಿದ್ದು ಮೇಸ್ತ್ರಿಗಳನ್ನೂ ಕೂಲಿಕಾರರನ್ನೂ ಜೋಡಿಸುವ ಆ್ಯಪ್. ಅದಕ್ಕೆ ಸುಮಾರು ಎರಡೂವರೆ ಲಕ್ಷ ರೂಪಾಯಿ ಹೋಯಿತು. ಮನೆಗೊಂದೇ ಇರುವ ಸ್ಮಾರ್ಟ್‌ಫೋನು ಹಗಲೆಲ್ಲ ಮಕ್ಕಳ ಕೈಯಲ್ಲಿರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಪರಸ್ಪರ ಪರಿಚಯವಾದ ಮೇಲೆ ಇಬ್ಬರಿಗೂ ಆ್ಯಪ್ ಬೇಕಾಗುತ್ತಿರಲಿಲ್ಲವಾದ್ದರಿಂದ ಕಮಿಷನ್ ನಂಬಿದ ಲೆಕ್ಕಾಚಾರ ಅಲ್ಲಿಗೇ ಮುಗಿಯಿತು. ಧ್ವನಿ ಸಂದೇಶದಲ್ಲಿ ಕೆಲಸದ ಸುದ್ದಿ ತಿಳಿಸಲು ಇನ್ನೊಂದು ನಲವತ್ತು ಸಾವಿರ ಖರ್ಚಾಯಿತು. ಬೆಳಿಗ್ಗೆ ಏಳಕ್ಕೆ ಅಡ್ಡೆಯಲ್ಲಿ ನಿಲ್ಲುವವರಿಗೆ ಎಂಟಕ್ಕೆ ಬರುವ ಸುದ್ದಿಯಿಂದ ಉಪಯೋಗವಿಲ್ಲ.

ದಾರಿ ಕಂಡದ್ದು ಕಟ್ಟಡ ಕಾರ್ಮಿಕರಿಗೆ ಸವಲತ್ತು ಕೊಡುವ ಸರ್ಕಾರಿ ಕಲ್ಯಾಣ ಮಂಡಳಿಯ ನೋಂದಣಿಯಲ್ಲಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ತಂದ ನಿಯಮದ ಪ್ರಕಾರ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಮಾತ್ರ ನೋಂದಣಿ. ಐದಾರು ಮೇಸ್ತ್ರಿಗಳ ಬಳಿ ಬಿಡಿಬಿಡಿಯಾಗಿ ದುಡಿದ ಹೆಣ್ಣುಮಗಳಿಗೆ ಆ 90 ದಿನಗಳಿಗೆ ಯಾರು ಸಹಿ ಹಾಕಬೇಕು? 2021ರ ಆಗಸ್ಟ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್ 12 ಅಂಕಿಯ ಸಂಖ್ಯೆ ಕೊಟ್ಟು ಅಸಂಘಟಿತರನ್ನು ಗುರುತಿಸಿತು, ಅದು ದೊಡ್ಡ ಕೆಲಸವೇ. ಆದರೆ ದಿನದಿನದ ಹಾಜರಿ ಅದರಲ್ಲಿ ಇರುವುದಿಲ್ಲ.

ಹೀಗಾಗಿ ಮಿಸ್ಡ್ ಕಾಲ್ ಹಾಜರಿ ಆರಂಭಿಸಿದೆವು. ಕೆಲಸ ಬಿಟ್ಟು ಹೊರಡುವಾಗ ಕೂಲಿಕಾರರು ಮಿಸ್ಡ್ ಕಾಲ್ ಕೊಟ್ಟರೆ ಮರುಕರೆ ಬರುತ್ತದೆ, ಅದರಲ್ಲಿ ಆ ದಿನದ ಮೇಸ್ತ್ರಿಯ ಸಂಖ್ಯೆ ಒತ್ತುತ್ತಾರೆ. ರಾತ್ರಿ ಮೇಸ್ತ್ರಿಗೆ ಕರೆ ಹೋಗಿ ಹೆಸರುಗಳಿಗೆ ಒಪ್ಪಿಗೆ ಪಡೆಯುತ್ತದೆ. ಬಟವಾಡೆಯ ಹಿಂದಿನ ಸಂಜೆ ವಾರದ ಲೆಕ್ಕ ಇಬ್ಬರಿಗೂ ಕೇಳಿಸುತ್ತದೆ. ಮೇಸ್ತ್ರಿಗಳು ಆ ಕರೆಯನ್ನು ತಪ್ಪದೆ ಎತ್ತುವಂತೆ ಮಾಡಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಅದು ಅಡ್ಡೆಗಳನ್ನು ಸುತ್ತಿ ಸುತ್ತಿ ಗಳಿಸಿದ್ದು.

ತಲೆಗೆ ತಿಂಗಳಿಗೆ ಹತ್ತು ಹನ್ನೆರಡು ರೂಪಾಯಿ ಖರ್ಚು ಬೀಳುತ್ತದೆ. ಬಟವಾಡೆಯ ಜಗಳಗಳು ಕಡಿಮೆಯಾದದ್ದನ್ನು ಕಂಡ ಗುತ್ತಿಗೆದಾರರು ತಲೆಗೆ ಇಪ್ಪತ್ತರಂತೆ ಕೊಡುತ್ತಾರೆ, ಕೂಲಿಕಾರರಿಂದ ಏನನ್ನೂ ಪಡೆಯುವುದಿಲ್ಲ. ಸುಮಾರು ಏಳುನೂರು ಜನರಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಂದಿಗೆ 90 ದಿನಗಳ ದೃಢೀಕರಣ ಪತ್ರದ ಸಹಿ ಸಿಕ್ಕಿದೆ. ದಿನಾಂಕಗಳ ಪಟ್ಟಿ ಮುಂದಿದ್ದಾಗ ಸಹಿ ಹಾಕಲು ಹಿಂಜರಿಯುವವರು ಕಡಿಮೆ. ಆ್ಯಪ್ ಇಲ್ಲದೆ ವೇದಿಕೆ ಎಲ್ಲಿಯದು ಎಂದವರೇ ಈಗ ಪದ್ಧತಿ ನೋಡಲು ಬರುತ್ತಿದ್ದಾರೆ.

ಕೂಲಿಯನ್ನು ಖಾತೆಗೇ ಹಾಕಿಸುವ ಪ್ರಯೋಗವನ್ನೂ ಮಾಡಿದೆವು. 2022ರಲ್ಲಿ ಬಂದ ಯುಪಿಐ 123ಪೇಯಿಂದ ಕೀಪ್ಯಾಡ್ ಫೋನಿನಲ್ಲೂ ಹಣ ಕಳಿಸಬಹುದಾಗಿತ್ತು. ಆದರೆ ಖಾತೆಗೆ ಬಿದ್ದ ಹಣವನ್ನು ಸಾಲದ ಕಂತು ತಾನಾಗಿಯೇ ಎಳೆದುಕೊಳ್ಳುತ್ತಿದ್ದುದರಿಂದ ಸಂತೆಗೆ ದುಡ್ಡು ಉಳಿಯುತ್ತಿಲ್ಲವೆಂದು ಹೆಣ್ಣುಮಕ್ಕಳು ನಗದನ್ನೇ ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಹಣ ಯಾವ ರೂಪದಲ್ಲಿ ಬರಬೇಕೆಂಬುದನ್ನು ದುಡಿದವರೇ ನಿರ್ಧರಿಸಬೇಕು.

ಧಾರವಾಡದಿಂದಲೂ ಈಗ ಬೇಡಿಕೆ ಬಂದಿದೆ. ಅಲ್ಲಿ ಮೊದಲು ಮೇಸ್ತ್ರಿಗಳ ಪಟ್ಟಿ ಮಾಡಿಸುತ್ತಿದ್ದೇನೆ, ಕೂಲಿಕಾರರ ನೋಂದಣಿ ಅದು ಮುಗಿದ ಮೇಲೆ.