ನರ್ತೆ ಸುಕ್ಕ: ಮೊದಲು ನೀರು, ಆಮೇಲೆ ಮಸಾಲೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮಲ್ಪೆಯಲ್ಲಾಗಲಿ ಮಂಗಳೂರಿನ ಬಂದರಿನಲ್ಲಾಗಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ದುಬಾರಿಯಾಗುವ ಈ ಮಳೆಗಾಲದಲ್ಲಿ ಗದ್ದೆ, ತೋಡು, ಕೆರೆಗಳ ನರ್ತೆ ನೆನಪಾಗುತ್ತದೆ. ನರ್ತೆ ಎಂದರೆ ತುಳುವಿನಲ್ಲಿ ಸಿಹಿನೀರಿನ ಬಸವನಹುಳು; ಸುಕ್ಕ ಎಂದರೆ ಕಾಯಿತುರಿ ಹಾಕಿ ನೀರು ಆರಿಸಿ ಮಾಡುವ ಒಣ ಪದಾರ್ಥ. ಹೆಸರು ಕೇಳಿ ಮುಖ ಕಿವುಚುವವರೂ ಮರುವಾಯಿ (ಚಿಪ್ಪುಮೀನು) ಹಾಕಿದ ಅಕ್ಕಿಯ ಪುಂಡಿಯನ್ನು (ಉಂಡೆಕಡುಬು) ಬಟ್ಟಲು ಬಟ್ಟಲು ಮುಗಿಸುತ್ತಾರೆ. ಮರುವಾಯಿ, ನರ್ತೆ ಎರಡೂ ಮೃದ್ವಂಗಿಗಳೇ.

ಆಯುವಾಗಲೇ ಎಚ್ಚರ ಬೇಕು. ಕೀಟನಾಶಕ ಸಿಂಪಡಿಸಿದ ಗದ್ದೆ, ಪೇಟೆಯ ಕೊಳಚೆ ಸೇರುವ ತೋಡು, ಎರಡೂ ಬೇಡ. ಅಡಿಕೆ ತೋಟದಲ್ಲಿ ಮಳೆಗೆ ಏರಿ ಬರುವ ದೊಡ್ಡ ಆಫ್ರಿಕನ್ ಬಸವನಹುಳುವನ್ನು ಅಡುಗೆಮನೆಗೆ ತರಲೇಬೇಡಿ. ಅದು ಹೊರಗಿನಿಂದ ಬಂದ ಪಿಡುಗು. ಅದನ್ನು ಕೊಲ್ಲಲು ಇಟ್ಟ ವಿಷದ ಉಂಡೆಯನ್ನು ಅದು ತಿಂದಿರಬಹುದು. ನರ್ತೆಯ ಬಾಯಿಗೆ ಗಟ್ಟಿ ಮುಚ್ಚಳವಿರುತ್ತದೆ, ಆಫ್ರಿಕನ್ ಹುಳುವಿಗೆ ಇರುವುದಿಲ್ಲ.

ಒಂದು ಕಿಲೋ ನರ್ತೆಯನ್ನು ಅಗಲ ಬೋಗುಣಿಯಲ್ಲಿ ಬರಿಯ ನೀರು ಹಾಕಿ ಒಂದು ರಾತ್ರಿ, ಸಾಧ್ಯವಾದರೆ ಒಂದು ಹಗಲು ಕೂಡ ಬಿಡಿ. ನಾಲ್ಕೈದು ಬಾರಿ ನೀರು ಬದಲಿಸಿ. ಈ ನೀರಿಗೆ ಉಪ್ಪು ಹಾಕಬಾರದು. ಉಪ್ಪು ತಾಗಿದರೆ ನರ್ತೆ ಮುಚ್ಚಳ ಬಿಗಿದುಕೊಳ್ಳುತ್ತದೆ, ಹೊಟ್ಟೆಯ ಕೆಸರು ಒಳಗೇ ಉಳಿಯುತ್ತದೆ. ಒಮ್ಮೆ ಅತಿಥಿಗಳು ಬರುವ ಅವಸರದಲ್ಲಿ ಎರಡೇ ಗಂಟೆ ನೆನೆಸಿ ಬೇಯಿಸಿದ್ದೆ; ಮಸಾಲೆ ಎಷ್ಟು ಚೆನ್ನಾಗಿದ್ದರೂ ಪ್ರತಿ ತುತ್ತಿಗೂ ಮಣ್ಣಿನ ವಾಸನೆ. ಅಂದಿನಿಂದ ಒಂದು ದಿನ ಮೊದಲೇ ತರುತ್ತೇನೆ. ಬೋಗುಣಿಗೆ ತಟ್ಟೆ ಮುಚ್ಚಿ ಭಾರ ಇಡಿ, ಇಲ್ಲದಿದ್ದರೆ ಬೆಳಿಗ್ಗೆ ಗೋಡೆಯ ಮೇಲೆ ಹುಡುಕಬೇಕಾಗುತ್ತದೆ.

ಬೆಳಿಗ್ಗೆ ಒಂದೊಂದನ್ನೇ ಮುಟ್ಟಿ ನೋಡಿ. ಮುಟ್ಟಿದೊಡನೆ ಒಳಸರಿದು ಮುಚ್ಚಿಕೊಂಡರೆ ಜೀವವಿದೆ. ತೇಲುವುದನ್ನೂ ನಾತ ಹೊಡೆಯುವುದನ್ನೂ ಎಸೆಯಿರಿ. ಉಳಿದವನ್ನು ಈಗ ಕಲ್ಲುಪ್ಪು ಹಾಕಿ ತಿಕ್ಕಿ ತೊಳೆದು, ಚಿಪ್ಪಿನ ಚೂಪು ತುದಿಯನ್ನು ಕತ್ತಿಯಿಂದ ಅರ್ಧ ಬೆರಳಗಲ ಕಡಿಯಿರಿ. ಎರಡೂ ಕಡೆ ತೆರೆದಿದ್ದರೆ ಮಾತ್ರ ಮಸಾಲೆ ಒಳಗಿಳಿಯುತ್ತದೆ, ಹೀರಿದಾಗ ಮಾಂಸ ಬಾಯಿಗೆ ಬರುತ್ತದೆ. ಕತ್ತಿಯನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಿರಿ.

ಇನ್ನು ಬೇಯಿಸುವುದು. ಬಸವನಹುಳುವಿನಲ್ಲಿ ಮಿದುಳಿನ ಪೊರೆಗೆ ಉರಿಯೂತ ತರಬಲ್ಲ ಪರಾವಲಂಬಿ ಹುಳುಗಳಿರಬಹುದು. ಅರೆಬೆಂದದ್ದನ್ನು ತಿಂದರೆ ಅಪಾಯ. ಆದ್ದರಿಂದ ಅರಿಸಿನ ಹಾಕಿದ ನೀರು ಕೊತಕೊತ ಕುದಿಯುವಾಗ ನರ್ತೆ ಹಾಕಿ, ಮತ್ತೆ ಕುದಿ ಬಂದ ಮೇಲೆ ಹತ್ತು ನಿಮಿಷ ಎಣಿಸಿ, ನೀರು ಬಸಿಯಿರಿ.

ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಹತ್ತು ಕಾಳು ಮೆಂತೆ, ಸ್ವಲ್ಪ ಕಾಳುಮೆಣಸು ಹುರಿದು, ನೆಲ್ಲಿಕಾಯಿ ಗಾತ್ರದ ಹುಣಸೆಯೊಂದಿಗೆ ನುಣ್ಣಗೆ ಅರೆಯಿರಿ. ಅರ್ಧ ತೆಂಗಿನಕಾಯಿಯ ತುರಿ, ಐದಾರು ಎಸಳು ಬೆಳ್ಳುಳ್ಳಿಯನ್ನು ಬೇರೆಯಾಗಿ ತರಿತರಿಯಾಗಿ ತಿರುಗಿಸಿಕೊಳ್ಳಿ. ಕಾಯಿ ನುಣ್ಣಗಾದರೆ ಅದು ಗಸಿ, ಅಂದರೆ ಮಂದ ಸಾರು, ಆಗುತ್ತದೆ, ಸುಕ್ಕ ಆಗುವುದಿಲ್ಲ. ತೆಂಗಿನೆಣ್ಣೆಯಲ್ಲಿ ಈರುಳ್ಳಿ, ಕರಿಬೇವು ಬಾಡಿಸಿ, ಅರೆದ ಮಸಾಲೆ, ಉಪ್ಪು, ನರ್ತೆ, ಒಂದು ಲೋಟ ನೀರು ಸೇರಿಸಿ ಮುಚ್ಚಿ ಹದಿನೈದು ನಿಮಿಷ ಬೇಯಿಸಿ. ಕೊನೆಗೆ ಕಾಯಿ ಹಾಕಿ, ನೀರು ಆರುವವರೆಗೆ ಮಗುಚಿ.

ನೀರುದೋಸೆ, ಪುಂಡಿ, ಕುಚ್ಚಲಕ್ಕಿ ಗಂಜಿ, ಯಾವುದಕ್ಕೂ ಸೈ. ಸಿಗಡಿ ಅಥವಾ ಮರುವಾಯಿ ತಿಂದರೆ ಮೈ ತುರಿಸುವವರು ಮಾತ್ರ ಮುಟ್ಟಬಾರದು. ತಿನ್ನುವಾಗ ನರ್ತೆಯ ಮುಚ್ಚಳ ತೆಗೆದು ಚಿಪ್ಪಿನ ಬಾಯಿಯ ಕಡೆಯಿಂದ ಒಮ್ಮೆ ಜೋರಾಗಿ ಹೀರಬೇಕು. ಬರದಿದ್ದರೆ ಪಿನ್ನಿನಿಂದ ಎಳೆಯಿರಿ. ಮಾಂಸದ ತುದಿಯ ಕಪ್ಪು ಭಾಗ ಕರುಳು, ಅದನ್ನು ಬಿಡಿ. ಹಲ್ಲಿಗೆ ಕರಕರ ಎಂದು ಸಿಕ್ಕಿದರೆ ಅದೆಲ್ಲ ಮರಳಲ್ಲ: ಕೆಲವು ಜಾತಿಯ ನರ್ತೆಗಳು ಮರಿ ಹಾಕುತ್ತವೆ, ಒಳಗಿರುವ ಮರಿಗಳಿಗೂ ಪುಟ್ಟ ಚಿಪ್ಪಿರುತ್ತದೆ.

ಕಡಿದ ಚಿಪ್ಪಿನ ಅಂಚು ಬರಿಗಾಲಿಗೆ ಚುಚ್ಚುತ್ತದೆ. ಅಂಗಳಕ್ಕೆ ಎಸೆಯದೆ ತೆಂಗಿನ ಬುಡದಲ್ಲಿ ಹೂಳಿ.