ಗೋಬರ್ ಗ್ಯಾಸ್ ಗುಂಡಿಗೆ ಇದ್ದಿಲು ಹಾಕುವುದು ಹೇಗೆ?

ಸುಗ್ಗಿ ಮುಗಿದ ಮೇಲೆ ಗದಗ, ಹಾವೇರಿ ಕಡೆ ಎಷ್ಟೋ ಹೊಲಗಳಲ್ಲಿ ಹತ್ತಿ ಕಟ್ಟಿಗೆ, ಗೋವಿನಜೋಳದ ದಿಂಡು ಸುಮ್ನೆ ಸುಟ್ಟು ಬೂದಿಯಾಗುತ್ತವೆ. ಬೂದಿ ಮಾಡಬೇಡಿ, ಇದ್ದಿಲು ಮಾಡಿ. ಅದೇ ಬಯೋಚಾರ್. ಹಿತ್ತಲಲ್ಲಿ ಗೋಬರ್ ಗ್ಯಾಸ್ ಇದ್ದರೆ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ಇದ್ದಿಲಿನಿಂದಲೇ ಗ್ಯಾಸ್ ಹುಟ್ಟುವುದಿಲ್ಲ, ಅದು ಸಗಣಿಯಿಂದಲೇ ಬರಬೇಕು. ಆದರೆ ಇದ್ದಿಲಿನ ಸಣ್ಣ ಸಣ್ಣ ತೂತುಗಳಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಅಂಟಿಕೊಂಡು ಬೆಳೆಯುತ್ತವೆ, ಒಳಗೆ ಹುಳಿ ಏರುವುದೂ ಸ್ವಲ್ಪ ತಡೆಯುತ್ತದೆ. ಬರೀ ಸಗಣಿ ಹಾಕಿ ಚೆನ್ನಾಗಿ ನಡೆಯುತ್ತಿರುವ ಗುಂಡಿಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿರಬಹುದು. ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲಾ ಸುರಿದು ಆಗಾಗ ಗ್ಯಾಸ್ ಕಡಿಮೆಯಾಗುವ ಮನೆಗಳಿಗೇ ಇದರ ಲಾಭ ಜಾಸ್ತಿ.

ಬಣವೆಯಿಂದ, ಗ್ಯಾಸ್ ಗುಂಡಿಯಿಂದ ದೂರದಲ್ಲಿ, ಮೇಲೆ ಅಗಲ ಕೆಳಗೆ ಕಿರಿದಾಗಿ ಒಂದು ತಗ್ಗು ತೋಡಿ. ಚೆನ್ನಾಗಿ ಒಣಗಿದ ಕಟ್ಟಿಗೆ ಸ್ವಲ್ಪ ಇಟ್ಟು ಮೇಲಿನಿಂದ ಬೆಂಕಿ ಹಚ್ಚಿ. ಮೇಲೆ ಬಿಳಿ ಬೂದಿ ಕಾಣತೊಡಗಿದ ಕೂಡಲೇ ಇನ್ನೊಂದು ತೆಳು ಪದರ ಹಾಕಿ, ಹೀಗೇ ಹಾಕುತ್ತಾ ಹೋದರೆ ಮೇಲಿನ ಉರಿ ಗಾಳಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಕೆಳಗಿನದು ಇದ್ದಿಲಾಗಿ ಉಳಿಯುತ್ತದೆ. ತಗ್ಗು ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ, ಅರ್ಧಂಬರ್ಧ ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್, ಬಣ್ಣ ಹಚ್ಚಿದ ಕಟ್ಟಿಗೆ ಬೇಡವೇ ಬೇಡ.

ಒದ್ದೆ ಇರುವಾಗಲೇ ಚೀಲದಲ್ಲಿ ಹಾಕಿ ಕುಟ್ಟಿ, ಧೂಳು ಮೂಗಿಗೆ ಹೋಗುವುದಿಲ್ಲ. ಜರಡಿ ಹಿಡಿಯಿರಿ. ದಪ್ಪ ಚೂರು ತಳದಲ್ಲಿ ಕೂತು ಜಾಗ ತಿನ್ನುತ್ತದೆ, ಪೈಪ್ ಕಟ್ಟುತ್ತದೆ. ಆಮೇಲೆ ಗುಂಡಿಯಿಂದ ಹೊರಬರುವ ಸ್ಲರಿಯಲ್ಲಿ ಒಂದು ವಾರ ನೆನೆಸಿಟ್ಟರೆ ಸೂಕ್ಷ್ಮಜೀವಿಗಳು ಮೊದಲೇ ಅದರಲ್ಲಿ ಸೇರಿಕೊಳ್ಳುತ್ತವೆ.

ಈಗ ಅಳತೆ. 2 ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಅಲ್ವಾ? ಆ 100 ಲೀಟರಿಗೆ, ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ, ಅರ್ಧ ಕೆಜಿ ಒಣ ಇದ್ದಿಲಿನಷ್ಟು ಸಾಕು. ಮೊದಲ ಕೆಲವು ವಾರ 200 ಗ್ರಾಂ ಮಾತ್ರ ಹಾಕಿ, ಒಲೆಯ ಉರಿ ನೋಡಿಕೊಂಡು ಏರಿಸಿ. ಒಂದು ಕೆಜಿ ದಾಟಬೇಡಿ, ಜಾಸ್ತಿಯಾದರೆ ಗ್ಯಾಸ್ ಕಡಿಮೆಯೂ ಆಗಬಹುದು. ಸ್ಲರಿ ಜೊತೆ ಇದ್ದಿಲೂ ಹೊರಗೆ ಹೋಗುತ್ತಿರುತ್ತದೆ, ಹಾಗಾಗಿ ದಿನಾ ಸ್ವಲ್ಪ ಹಾಕುತ್ತಿರಬೇಕು.

ಸ್ಲರಿಗೆ ಪಿಹೆಚ್ ಪೇಪರ್ (ಹುಳಿ, ಕ್ಷಾರ ಎಷ್ಟಿದೆ ಎಂದು ತೋರಿಸುವ ಕಾಗದ) ಅದ್ದಿ ನೋಡಿ. 6.8ರಿಂದ 7.5ರ ಒಳಗಿದ್ದರೆ ಚಿಂತೆಯಿಲ್ಲ. 6.5ಕ್ಕಿಂತ ಇಳಿದರೆ ಇದ್ದಿಲನ್ನೇ ನಂಬಿ ಕೂರಬೇಡಿ, ಮೊದಲು ಅಡುಗೆಮನೆ ಕಸ ಹಾಕುವುದನ್ನು ನಿಲ್ಲಿಸಿ.

ಹೊರಬಂದ ಸ್ಲರಿಯನ್ನು ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಮೊದಲು ಕೊಡಿ. ಎರಿ (ಕಪ್ಪು ಮಣ್ಣಿನ) ಭೂಮಿ ಸಾಮಾನ್ಯವಾಗಿ ಕ್ಷಾರದ್ದು, ಇದ್ದಿಲೂ ಹಾಗೆಯೇ, ಅಲ್ಲಿಗೆ ಸ್ವಲ್ಪ ಕಡಿಮೆಯೇ ಇರಲಿ.