ಚೆಸ್ ಒಗಟುಗಳಲ್ಲಿ ತಪ್ಪಿಸಲಾಗದ ಚೆಕ್‌ಮೇಟ್ ಹುಡುಕುವ ಬಗೆ

ಚೆಕ್‌ಮೇಟ್ ಒಗಟನ್ನು ಬಿಡಿಸಲು ಕುಳಿತಾಗ ನಮ್ಮ ಕಾಯಿಗಳಿಗಿಂತ ಮೊದಲು ಎದುರಾಳಿಯ ರಾಜನನ್ನು ನೋಡಬೇಕು. ಅವನು ಸರಿಯಬಹುದಾದ ಮನೆಗಳು ಯಾವುವು, ಅವುಗಳಲ್ಲಿ ಯಾವುದರ ಮೇಲೆ ನಮ್ಮ ಹಿಡಿತವಿದೆ, ಯಾವುದನ್ನು ಅವನದೇ ಕಾಯಿ ಮುಚ್ಚಿದೆ ಎಂಬುದನ್ನು ಗುರುತಿಸಿಕೊಂಡ ಮೇಲೆ, ಚೆಕ್ ಕೊಡುವ, ಅಂದರೆ ರಾಜನ ಮೇಲೆ ನೇರ ದಾಳಿ ಮಾಡುವ, ಎಲ್ಲ ನಡೆಗಳನ್ನೂ, ಮೇಲ್ನೋಟಕ್ಕೆ ಹುಚ್ಚುತನವೆನಿಸುವವನ್ನೂ ಬಿಡದೆ, ಒಂದೊಂದಾಗಿ ಪರೀಕ್ಷಿಸಬೇಕು.

ಈ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿಕೊಳ್ಳಿ (ಮನೆಯ ಹೆಸರಿನಲ್ಲಿ ಅಕ್ಷರವು ಬಿಳಿಯ ಎಡದಿಂದ ಎಣಿಸುವ ಎ–ಎಚ್ ಉದ್ದಸಾಲನ್ನು, ಅಂಕಿಯು ಬಿಳಿಯ ಕಡೆಯಿಂದ ಎಣಿಸುವ 1–8 ಅಡ್ಡಸಾಲನ್ನು ಸೂಚಿಸುತ್ತದೆ). ಕಪ್ಪು ರಾಜ ಎಚ್8ರಲ್ಲಿ, ಆನೆ ಡಿ8ರಲ್ಲಿ, ಪದಾತಿಗಳು ಜಿ7 ಮತ್ತು ಎಚ್7ರಲ್ಲಿವೆ; ಬಿಳಿಯ ರಾಣಿ ಸಿ4ರಲ್ಲಿ, ಕುದುರೆ ಜಿ5ರಲ್ಲಿ, ರಾಜ ಜಿ1ರಲ್ಲಿ, ಅವನ ಮುಂದೆ ಎಫ್2, ಜಿ2, ಎಚ್2ರಲ್ಲಿ ಮೂರು ಪದಾತಿಗಳಿವೆ. ನಡೆ ಬಿಳಿಯದು.

ರಾಣಿಯನ್ನು ಕೂಡಲೇ ಜಿ8ರಲ್ಲಿ ಬಲಿಕೊಡುವ ಆಸೆ ಹುಟ್ಟುತ್ತದೆ. ಆದರೆ ಅಲ್ಲಿ ಅವಳಿಗೆ ಬೆಂಬಲವಿಲ್ಲದ ಕಾರಣ ರಾಜನೇ ಹೊಡೆಯುತ್ತಾನೆ. ಉಪಾಯ ತಪ್ಪಲ್ಲ, ಕ್ರಮ ತಪ್ಪು. ಮೊದಲು ಕುದುರೆ ಎಫ್7ಕ್ಕೆ ಹೋಗಿ ಚೆಕ್ ಕೊಡಲಿ. ರಾಜನಿಗೆ ಜಿ8 ಒಂದೇ ದಾರಿ. ಈಗ ಆನೆಯನ್ನು ಹೊಡೆಯಲು ಕೈ ತುರಿಸುತ್ತದೆ, ಅನೇಕರು ಜಾರುವುದೂ ಇಲ್ಲೇ. ಅದರ ಬದಲು ಕುದುರೆ ಎಚ್6ಕ್ಕೆ ಹೋದರೆ ರಾಣಿಯಿಂದಲೂ ಕುದುರೆಯಿಂದಲೂ ಒಟ್ಟಿಗೆ ಚೆಕ್ ಬೀಳುತ್ತದೆ. ಪದಾತಿ ಕುದುರೆಯನ್ನು ಹೊಡೆದರೂ ರಾಣಿಯ ಚೆಕ್ ಉಳಿಯುವುದರಿಂದ ರಾಜ ಸರಿಯಲೇಬೇಕು. ಎಫ್8ಕ್ಕೆ ಸರಿದರೆ ರಾಣಿ ಎಫ್7ರಲ್ಲಿ ಮೇಟ್ ಮಾಡುತ್ತಾಳೆ. ಎಚ್8ಕ್ಕೆ ಮರಳಿದರೆ, ಈಗ ಕುದುರೆಯ ಬೆಂಬಲವಿರುವ ಜಿ8ಕ್ಕೆ ರಾಣಿ ಹೋಗುತ್ತಾಳೆ, ಆನೆ ಅವಳನ್ನು ಹೊಡೆಯದೆ ವಿಧಿಯಿಲ್ಲ, ಮತ್ತು ಎಫ್7ಕ್ಕೆ ಹಿಂತಿರುಗಿದ ಕುದುರೆ ತನ್ನವರ ನಡುವೆಯೇ ಉಸಿರುಗಟ್ಟಿದ ರಾಜನಿಗೆ ಮೇಟ್ ಕೊಡುತ್ತದೆ.

ಉತ್ತರವನ್ನು ತೆರೆದು ನೋಡುವ ಮುನ್ನ, ಎಫ್8ರಂಥ ಪಕ್ಕದ ದಾರಿಗಳನ್ನೂ ಕೊನೆಯವರೆಗೆ ಲೆಕ್ಕಹಾಕಿರಬೇಕು.